ಬೊಲಿವಿಯಾದ ಬಂದರು

ನಗರದ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಸಂಸ್ಥೆ ಉಣ್ಣೆ ಮೇಳ ನಡೆಸಿತ್ತು. ನೋಂದಣಿ ಫಾರ್ಮ್ ಮಾಡಿದವನು ನಾನೇ. ಬೊಲಿವಿಯಾದಿಂದ ಅಲ್ಪಾಕಾ ಶಾಲು ತಂದಿದ್ದ ಹೆಂಗಸು ‘ನಿಮ್ಮ ದೇಶದ ಬಂದರು’ ಎಂಬಲ್ಲಿ ನಿಂತುಬಿಟ್ಟರು. ಅದನ್ನು ತುಂಬದೆ ಫಾರ್ಮ್ ಮುಂದಕ್ಕೆ ಹೋಗುತ್ತಿರಲಿಲ್ಲ.

“ನಮಗೆ ಸಮುದ್ರವೇ ಇಲ್ಲ,” ಎಂದರು. “ನಮ್ಮಜ್ಜಿಯ ಅಜ್ಜಿ ಕಾಲದಲ್ಲಿ ಇತ್ತು. ಯುದ್ಧದಲ್ಲಿ ಚಿಲಿಯವರು ಕಿತ್ತುಕೊಂಡರು. ಈಗ ನಮ್ಮ ಶಾಲು ಹಡಗು ಹತ್ತಬೇಕಾದರೂ ಅವರ ಬಂದರಿಗೇ ಹೋಗಬೇಕು.”

ಹಿಂದೆ ಸಾಲು ಬೆಳೆಯುತ್ತಿತ್ತು. “ಏನೋ ಒಂದು ಹಾಕಿ ಮೇಡಂ,” ಎಂದು ರೇಗಿದೆ.

ಅವರು ಒಂದೊಂದೇ ಅಕ್ಷರ ಒತ್ತಿ, ಕಳೆದುಕೊಂಡ ಊರಿನ ಹೆಸರು ಬರೆದರು: ಆಂಟೊಫಗಾಸ್ಟಾ. ಹಸಿರು ಟಿಕ್ ಬಿತ್ತು. ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡು, ನನಗೆ “ಅಸಾಂಟೆ” ಎಂದು ಇಲ್ಲಿನ ಸ್ವಾಹಿಲಿಯಲ್ಲೇ ಥ್ಯಾಂಕ್ಸ್ ಹೇಳಿದರು.

ಸಂಜೆ ಪಟ್ಟಿ ನೋಡಿದ ಮ್ಯಾನೇಜರ್, “ಈ ಊರು ಚಿಲಿಯದ್ದಲ್ವಾ? ತೆಗೀರಿ,” ಎಂದರು.

ತೆಗೆದೆ. ಚಿಲಿಗೆ ಒಂದು ಯುದ್ಧವೇ ಬೇಕಾಗಿತ್ತು. ನನಗೆ ಒಂದು ಬೆರಳು ಸಾಕಾಯಿತು.