ಉಪಗ್ರಹಕ್ಕೆ ಕಾಣದ ಮನೆ

ಶಹಾಬಾದಿನ ಕಲ್ಲುಗಣಿ ಪಕ್ಕದ ನಮ್ಮ ಓಣಿಯಲ್ಲಿ ಮನೆ ಅನ್ನಿಸಿಕೊಳ್ಳುವಂಥದ್ದು ಇದ್ದದ್ದು ಜೈತುನ್ಬೀಯದೊಂದೇ. ಗಣಿಯಲ್ಲಿ ಕಲ್ಲು ಸೀಳುತ್ತಿದ್ದ ಗಂಡನ ಜೊತೆ ಒಡಕು ಫರಸಿ ಕಲ್ಲು ಹೊತ್ತು ತಂದು, ಗೋಡೆಗೂ ಸೂರಿಗೂ ಅದನ್ನೇ ಹಾಕಿದ್ದಳು. ಕಟ್ಟಿ ಮುಗಿಸಲು ಹನ್ನೊಂದು ವರ್ಷ ಹಿಡಿಯಿತು. ಮುಗಿದ ವರ್ಷವೇ ಗಂಡ ಸತ್ತ.

ನನ್ನ ನೀಲಿ ತಗಡಿನ ಗುಡಿಸಲು ಕಂಡರೆ ಅವಳಿಗೆ ನಗು. “ಸರಿತಾ, ಜೋರ್ ಗಾಳಿ ಬಂದ್ರ ನಿನ್ನ ಮನಿ ವಾಡಿ ಸ್ಟೇಷನ್ನಿಗಿ ಹೋಗಿ ಇಳೀತದ ನೋಡು!” ಅನ್ನುತ್ತಿದ್ದಳು. ಭಾರಿ ಸೊಕ್ಕಿನ ಹೆಂಗಸು. ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಸುದ್ದಿ ಬಂತು: ಸರ್ಕಾರಿ ಜಾಗದಲ್ಲಿ ಹತ್ತು ವರ್ಷದಿಂದ ಇರುವ ಮನೆಗಳಿಗೆ ಹಕ್ಕುಪತ್ರ, ಉಳಿದವು ನೆಲಸಮ. ಅವಳದು ಇಪ್ಪತ್ತು ವರ್ಷದ ಮನೆ, ನಿಶ್ಚಿಂತೆಯಿಂದ ಇದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ; ಈ ಸಾಹೇಬರಿಗೆ ಪ್ರತ್ಯಕ್ಷ ನೋಡುವುದೇ ಬೇಡವಾಗಿತ್ತು. ಓಣಿಗೆ ಯಾರೂ ಬರಲಿಲ್ಲ. ಉಪಗ್ರಹ ಹತ್ತು ವರ್ಷದ ಹಿಂದೆ ತೆಗೆದ ಚಿತ್ರ ನೋಡಿಯೇ ಪಟ್ಟಿ ಮಾಡಿದರು. ಅದರಲ್ಲಿ ನನ್ನ ತಗಡು ನೀಲಿಯಾಗಿ ಹೊಳೆಯುತ್ತಿತ್ತು. ಅವಳ ಮನೆಯ ಜಾಗದಲ್ಲಿ ಬರೀ ಬೂದು ಬಣ್ಣ. ಸೂರೂ ಅದೇ ಕಲ್ಲು, ಸುತ್ತಲಿನ ನೆಲವೂ ಅದೇ ಕಲ್ಲು.

ಅವಳ ಜೊತೆ ನಾನೂ ಕಚೇರಿಗೆ ಹೋದೆ. ಕಂಪ್ಯೂಟರ್ ಮುಂದೆ ಕಪಿಲ ಅನ್ನುವ ನೌಕರ ಕೂತಿದ್ದ.

“ಇದರಾಗ ನಿಮ್ಮ ಮನಿ ತೋರಸ್ರಿ ಅಮ್ಮಾ,” ಅಂದ.

ಅವಳು ಪರದೆಯ ಮೇಲೆ ಬೆರಳಿಟ್ಟಳು. “ಇದೇ ನೋಡಪ್ಪಾ.”

“ಅದು ಕಲ್ಲು.”

“ಕಲ್ಲಿನ ಮನಿ ಕಲ್ಲಿನಂಗ ಕಾಣಲಾರ್ದ ಮತ್ತ ಹೆಂಗ ಕಾಣ್ತದ?”

“ಹತ್ತು ನಿಮಿಷದ ಹಾದಿ, ಒಮ್ಮೆ ಬಂದು ನೋಡ್ರಿ,” ಅಂದೆ ನಾನು.

“ನಾವು ನೋಡಂಗಿಲ್ರಿ. ಚಿತ್ರದಾಗ ಇದ್ರ ಅದ, ಇಲ್ಲಂದ್ರ ಇಲ್ಲ.” ಅವಳು ತಂದಿದ್ದ ಹಳೆಯ ಕರೆಂಟ್ ಬಿಲ್ಲುಗಳನ್ನು ಬಿಚ್ಚಿಯೂ ನೋಡಲಿಲ್ಲ.

ಬುಧವಾರ ಜೆಸಿಬಿ ಬಂತು. ಜೈತುನ್ಬೀ ಅಳಲಿಲ್ಲ. “ಬಾಗಲ ಮ್ಯಾಲಿನ ಕಲ್ಲು ಹುಷಾರ್ ತೆಗಿಯಪ್ಪಾ, ನಮ್ಮವ್ರು ಸೀಳಿದ್ದದು,” ಎಂದು ಡ್ರೈವರನಿಗೆ ಕೂಗುತ್ತಲೇ ಇದ್ದಳು. ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ನನ್ನ ಹಕ್ಕುಪತ್ರ ಆಗಲೇ ಬಂದಿತ್ತು, ಅದಕ್ಕೆ ನಾನು ಬಾಯಿ ಬಿಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಡೆದ ಫರಸಿ ಅಲ್ಲೇ ಹರಡಿ ಬಿದ್ದಿತ್ತು. ಅವಳು ನನ್ನ ತಗಡಿನ ಕೆಳಗೇ ಬಂದು ಮಲಗತೊಡಗಿದಳು. ಎರಡು ತಿಂಗಳ ನಂತರ, ಮನೆ ಕಳೆದುಕೊಂಡವರಿಗೆ ಬೇರೆ ಜಾಗ ಕೊಡುತ್ತಾರೆಂದು ಕೇಳಿ ಅರ್ಜಿ ಹಿಡಿದು ಹೋದೆವು.

ಕಪಿಲ ಹೊಸ ಚಿತ್ರ ತೆಗೆದು ಹಳೆಯದರ ಪಕ್ಕ ಇಟ್ಟ. ಎರಡನ್ನೂ ಹಿಗ್ಗಿಸಿ ನೋಡಿದ. ಆಮೇಲೆ ಅರ್ಜಿಯನ್ನು ಅವಳ ಕಡೆಗೇ ಸರಿಸಿದ.

“ಏನೂ ಒಡದಿಲ್ಲಲ್ರಿ ಅಮ್ಮಾ. ಆವಾಗ ಹೆಂಗಿತ್ತೋ ಈಗೂ ಹಂಗೇ ಅದ.”