ನನ್ನ ಬುತ್ತಿ ಬೇಡಿದಾಕೆ

“ಅಕ್ಕಾರ, ಏನ್ ಕೈರೀ ನಿಮ್ಮದು! ಇಂಥಾ ಬದನಿಕಾಯಿ ಪಲ್ಯಾ ನಾ ಎಲ್ಲೂ ಉಂಡಿಲ್ಲ ನೋಡ್ರಿ.”

ಬಸವನ ಬಾಗೇವಾಡಿಯ ಎಸ್‌ಟಿಡಿ ಬೂತಿನ ಪಕ್ಕದ ಖಾನಾವಳಿಯಲ್ಲಿ ನಮ್ಮ ಮನೆಯವರು ಬಡಿಸುತ್ತಿದ್ದ ಒಡತಿಗೆ ಹೀಗೆಂದಾಗ ನಾನು ಅರ್ಧ ಉಂಡ ತಾಟನ್ನು ಬದಿಗೆ ಸರಿಸಿದೆ. ಮದುವೆಯಾದಾಗಿನಿಂದ ನನ್ನ ಅಡುಗೆಗೆ ‘ಉಪ್ಪು ಜಾಸ್ತಿ ಆಗೇತಿ’ ಎನ್ನುವುದು ಬಿಟ್ಟರೆ ಬೇರೆ ಮಾತಾಡದ ಬಾಯಿ ಅದು! ಇಂಡಿಯಿಂದ ಮುದ್ದೇಬಿಹಾಳದ ನಾದಿನಿಯ ಮನೆಗೆ ಹೊರಟಿದ್ದೆವು. ನಾನು ನಸುಕಿನಲ್ಲೆದ್ದು ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಬುತ್ತಿ ಕಾಲ ಬಳಿಯೇ ಇತ್ತು. ‘ಅದು ದಿನಾ ಉಣ್ಣೂದ ಐತಿ’ ಎಂದು ಅದನ್ನು ಬಿಚ್ಚಗೊಡದೆ ಇಲ್ಲಿಗೆ ಕರೆತಂದಿದ್ದರು. ಖಾನಾವಳಿಯಾಕೆಯ ಅಗಲ ಕುಂಕುಮ, ತುಂಬಿದ ಕೈಬಳೆ, ಎಲ್ಲದರ ಮೇಲೂ ನನಗೆ ಉರಿ ಎದ್ದಿತು.

ಗಿರಾಕಿಗಳು ಕರಗಿದ ಮೇಲೆ ಆಕೆಯ ಕಣ್ಣು ನನ್ನ ಬುತ್ತಿಯ ಮೇಲೆ ಬಿತ್ತು. ಬಂದು ಪಕ್ಕದಲ್ಲೇ ಕುಳಿತಳು.

“ಒಂದ್ ರೊಟ್ಟಿ ಕೊಡವಾ ತಂಗಿ. ಮಂದಿಗೆ ಬಡದೂ ಬಡದೂ, ಬ್ಯಾರೆಯವರು ಬಡದದ್ದು ತಿಂದು ಭಾಳ ದಿನಾ ಆತು.”

ಬುತ್ತಿ ಬಿಚ್ಚಿ ಕೊಟ್ಟೆ. ಹಿಂಡಿಗೆ ಮೊಸರು ಕಲಸಿಕೊಂಡು, ಕಣ್ಣು ಮುಚ್ಚಿ ತಿಂದಳು. ಇನ್ನೊಂದು ಬೇಡಿದಳು. ನಮ್ಮ ಮನೆಯವರು ಆಕೆಯ ಬಾಯಿಯನ್ನೇ ನೋಡುತ್ತಿದ್ದವರು ಮೆಲ್ಲಗೆ ನನ್ನತ್ತ ಕೈ ಚಾಚಿದರು. “ನನಗೂ ಒಂದ್ ತುಣುಕ ಕೊಡು.”

ಉಳಿದ ರೊಟ್ಟಿಯನ್ನೆಲ್ಲ ಆಕೆಯ ತಾಟಿಗೆ ಹಾಕಿ, ಬುತ್ತಿ ಕಟ್ಟಿದ್ದ ಖಾಲಿ ಅರಿವೆಯನ್ನು ಅವರ ಮುಂದೆ ಝಾಡಿಸಿ ತೋರಿಸಿದೆ. ಅವತ್ತು ಅರೆಹೊಟ್ಟೆಯಲ್ಲೇ ಬಸ್ಸು ಹತ್ತಿದೆ. ಆದರೆ ಅಂಥ ತೃಪ್ತಿಯ ಊಟ ನಾನು ಮತ್ತೆಂದೂ ಉಂಡಿಲ್ಲ.