ಹತ್ತೊಂಬತ್ತೂವರೆ ಮೀಟರ್

ಪುರಸಭೆಯ ಆ ಸರ್ವೇಯರ್ ಬಹುಕಾಲ ಅಳೆದದ್ದು ನಿವೇಶನಗಳನ್ನು, ಚರಂಡಿಗಳನ್ನು. ನಲವತ್ತೆಂಟು ತುಂಬಿದ ಮೇಲೆ ಊರಾಚೆಯ ಕಸದ ಗುಡ್ಡ ಅವನ ಹೆಗಲಿಗೆ ಬಿತ್ತು. ಕಸ ಸುರಿಯುವ ಜಾಗಗಳಿಗೆ ಸರ್ಕಾರ ಹೊಸ ನಿಯಮ ತಂದಿತ್ತು: ರಾಶಿ ಇಪ್ಪತ್ತು ಮೀಟರ್ ದಾಟಿದರೆ ಮುಂದೆ ಅಲ್ಲಿಗೆ ಒಂದು ಲಾರಿಯನ್ನೂ ಬಿಡುವಂತಿಲ್ಲ. ತಿಂಗಳಿಗೊಮ್ಮೆ ಅಳೆದು ಸಹಿ ಹಾಕುವುದು ಅವನ ಕೆಲಸ. ಅಂದು ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಅಡ್ಡ ನಿಲ್ಲುವಳು. "ಮೊದ್ಲು ಬಚ್ಚಲು, ಆಮೇಲೆ ಸಂಸಾರ!"

ಗುಡ್ಡದ ಬುಡದಲ್ಲೊಂದು ತಗಡಿನ ಶೆಡ್ಡು. ಅಲ್ಲಿ ಹತ್ತಾರು ಹೆಂಗಸರು ಕಸ ಬೇರ್ಪಡಿಸುತ್ತಿದ್ದರು. ಒಬ್ಬಳ ಪಾಲಿಗೆ ಒಡೆದ ಗಾಜು. ಎಲ್ಲರ ಬಾಯಲ್ಲೂ ಅವಳು ಗಾಜಿನಕ್ಕ. ಬಾಟಲಿ ಬೀಳುವ ಸದ್ದು ಕೇಳಿಯೇ ಅದು ಎಣ್ಣೆಯದೋ ಔಷಧಿಯದೋ ಹೇಳಬಲ್ಲಳು. ಸರ್ವೇಯರ್ ಇಳಿದು ಬಂದಾಗಲೆಲ್ಲ ಅವಳದೊಂದು ಪ್ರಶ್ನೆ.

"ಎಷ್ಟಾಯ್ತಣ್ಣಾ ನಮ್ಮ ಗುಡ್ಡ?"

"ಹದಿನೇಳು."

"ಅಬ್ಬಾ! ನನ್ನ ಮಗಳಿಗಿಂತ ಜೋರಾಗಿ ಬೆಳೀತಿದೆ."

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಳತೆ ಇಪ್ಪತ್ತೆರಡೂವರೆ ತೋರಿತು. ಮೂರು ಸಲ ಅಳೆದ. ನೆತ್ತಿಯಲ್ಲಿ ಅಂಗೈ ತೂರುವಷ್ಟು ಬಿರುಕು. ಒಳಗಿಂದ ಬಿಸಿ ಹಬೆ. ಬೆವರು ಒರೆಸಿಕೊಳ್ಳದೆ ಎಂಜಿನಿಯರರ ಕೋಣೆಗೆ ಹೋಗಿ ಕಾಗದ ಮುಂದಿಟ್ಟ.

"ಇದನ್ನ ಮೇಲೆ ಕಳಿಸಿದ್ರೆ ನಾಳೆಯಿಂದ ಲಾರಿಗಳು ಎಲ್ಲಿಗೆ ಹೋಗ್ಬೇಕ್ರೀ? ನಿಮ್ಮನೆ ಅಂಗಳಕ್ಕಾ?"

"ಬಿರುಕು ಬಿಟ್ಟಿದೆ ಸಾರ್."

"ಹೊಸ ಜಾಗದ ಫೈಲು ಹೋಗಿದೆ. ಎರಡೇ ತಿಂಗಳು. ಹತ್ತೊಂಬತ್ತೂವರೆ ಅಂತ ಹಾಕಿ."

ಅವನು ಹಾಕಿದ. ಯಾರೂ ಕೈ ಹಿಡಿದು ಬರೆಸಲಿಲ್ಲ.

ಮರುದಿನ, ಗುಡ್ಡದಲ್ಲೇ ಬಿಟ್ಟು ಬಂದಿದ್ದ ಅಳತೆಗೋಲು ತರಲು ಹೋದಾಗ ಗಾಜಿನಕ್ಕ ಕೇಳಿದಳು. ಅವನು ತನ್ನ ಬೂಟು ನೋಡುತ್ತ ಅದೇ ಲೆಕ್ಕ ಹೇಳಿದ.

"ಹಾಗಾದ್ರೆ ಭಯ ಇಲ್ಲ ಅನ್ನಿ. ಇವರೆಲ್ಲ ಮೇಲಿಂದ ಕಲ್ಲು ಉರುಳ್ತಿದೆ, ಶೆಡ್ಡು ಆಚೆ ಹಾಕೋಣ ಅಂತ ಗೋಳಾಡ್ತಿದ್ರು. ಅಣ್ಣನೇ ಹೇಳಿದಾರೆ, ಸುಮ್ನಿರಿ ಅಂತೀನಿ."

ಅವನು ಅಳತೆಗೋಲು ಹೆಗಲಿಗೇರಿಸಿ ಗೇಟಿನತ್ತ ನಡೆದ.

ಹನ್ನೊಂದು ದಿನದ ಮೇಲೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಗುಡ್ಡದ ಅರ್ಧ ಭಾಗ ಶೆಡ್ಡಿನ ಮೇಲೆ ಕುಸಿಯಿತು. ನಾಲ್ವರ ಹೆಣ ಸಿಕ್ಕಿತು. ಗಾಜಿನಕ್ಕ ಸಿಗಲಿಲ್ಲ. ಐದು ದಿನ ಅಗೆದರು. ಒಳಗೆ ಬೆಂಕಿ ಹೊತ್ತಿಕೊಂಡ ಮೇಲೆ ಕೈಬಿಟ್ಟರು.

ಅಂದಿನಿಂದ ಮನೆಯಲ್ಲಿ ಲೋಟಕ್ಕೆ ಚಮಚ ತಾಗಿದರೂ ಅವನು ನಿಂತಲ್ಲೇ ನಿಲ್ಲುತ್ತಿದ್ದ, ಯಾರೋ ಕರೆದಂತೆ. ಹೆಂಡತಿ ಗಾಜಿನದೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು. ಆದರೂ ಸದ್ದು ನಿಲ್ಲಲಿಲ್ಲ. ಊಟದ ನಡುವೆ ತುತ್ತು ಹಿಡಿದು ಕಿವಿಗೊಡುತ್ತಿದ್ದ. "ಏನ್ರೀ?" ಎಂದರೆ, "ಕೆಳಗಡೆ ಗಾಜು ಆರಿಸ್ತಿದಾಳೆ" ಎನ್ನುತ್ತಿದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ತನಿಖೆ ಬಂತು. ಎಂಜಿನಿಯರರ ಮೇಜಿನಲ್ಲಿದ್ದ ಮೊದಲ ಕಾಗದ ಮಾಯವಾಗಿತ್ತು. ಸುಮ್ಮನಿದ್ದಿದ್ದರೆ ಮಳೆಯ ಮೇಲೆ ತಪ್ಪು ಹೊರಿಸಿ ಎಲ್ಲರೂ ಪಾರಾಗುತ್ತಿದ್ದರು. ಅವನೇ ತನ್ನ ಅಳತೆ ಪುಸ್ತಕ ಒಯ್ದು ಅಧಿಕಾರಿಯ ಮುಂದೆ ತೆರೆದ.

"ಇಲ್ಲಿ ಇಪ್ಪತ್ತೆರಡೂವರೆ. ನಿಮ್ಮ ಕಡತದಲ್ಲಿ ಹತ್ತೊಂಬತ್ತೂವರೆ. ಎರಡೂ ನನ್ನ ಕೈಬರಹ ಸಾರ್."

ಎಂಜಿನಿಯರರಿಗೆ ವರ್ಗವಾಯಿತು. ಅವನ ಕೆಲಸ ಹೋಯಿತು. ಆದರೆ ನಿಯಮ ತಿದ್ದಿದರು: ಇನ್ನು ಮುಂದೆ ಅಳತೆ ಕಸ ಆರಿಸುವವರ ಕಣ್ಣೆದುರೇ ಆಗಬೇಕು, ಅಂದೇ ಗೇಟಿನ ಹಲಗೆಯ ಮೇಲೆ ಬರೆಯಬೇಕು, ಶೆಡ್ಡು ನೂರು ಮೀಟರ್ ಆಚೆ ಇರಬೇಕು.

ಗಾಜಿನಕ್ಕನ ಮನೆಗೂ ಹೋಗಿ ಅವಳ ಮಗಳಿಗೆ ಒಂದೂ ಬಿಡದೆ ಹೇಳಿದ. ಆಕೆ ಹೊಸ್ತಿಲ ಒಳಗೇ ನಿಂತು ಕೇಳಿಸಿಕೊಂಡಳು.

"ಅಮ್ಮ ನಿಮ್ಮ ಮಾತು ನಂಬಿದ್ಳಾ?"

"ನಂಬಿದ್ರು."

ಆಕೆ ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ಕೆಲವು ವರ್ಷಗಳಲ್ಲಿ ಆ ರಾಶಿಗೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದರು. ಜನ ವಾಯುವಿಹಾರಕ್ಕೆ ಬರತೊಡಗಿದರು. ಸರ್ವೇಯರ್ ವಾರಕ್ಕೊಮ್ಮೆ ಹೋಗಿ ಬೇಲಿಯ ಹೊರಗೆ ನಿಲ್ಲುತ್ತಾನೆ. ಹೊಸದಾಗಿ ಸೇರಿದ ಕಾವಲುಗಾರ ಒಮ್ಮೆ ಕರೆದ:

"ಹೊರಗ್ಯಾಕೆ ನಿಂತ್ರಿ ಯಜಮಾನ್ರೇ? ಬನ್ನಿ, ಮೇಲೆ ಹತ್ತಿದ್ರೆ ಊರೆಲ್ಲ ಕಾಣುತ್ತೆ."

"ಬೇಡಪ್ಪ. ಒಳಗೆ ಒಬ್ರು ಇದ್ದಾರೆ."

ಕಾವಲುಗಾರ ತಿರುಗಿ, ಹುಲ್ಲಿನ ಮೇಲೆ ಯಾರು ಅಂತ ಹುಡುಕಿ ನೋಡಿದ.